ಎಂ.ಜಿ.ಎಂ.ನಿಂದ ಕೆ.ಎಂ.ಸಿ.ವರೆಗೆ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆ ಕಲ್ಸಂಕ ದಾಟಿದ ಮೇಲೆ ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ ಎಂದು ಒಂದೊಂದೇ ಊರನ್ನು ಹಾದು ಗುಡ್ಡ ಏರುತ್ತದೆ. ಇಡೀ ದಾರಿ ಐದಾರು ಕಿಲೋಮೀಟರ್ ಮೀರದು. ಈ ದಾರಿಯಲ್ಲಿ ಬಸ್ಸು ನಿಲ್ಲುವ ಜಾಗಗಳಿಗೆ ಎರಡು ಬಗೆಯ ಹೆಸರುಗಳಿವೆ. ಕಡಿಯಾಳಿ, ಇಂದ್ರಾಳಿ ನೆಲದ ಜೊತೆಗೇ ಹುಟ್ಟಿದ ಹೆಸರುಗಳು, ಎಂ.ಜಿ.ಎಂ., ಕೆ.ಎಂ.ಸಿ., ಎಂ.ಐ.ಟಿ. ಇಂಗ್ಲಿಷ್ ಅಕ್ಷರಗಳಿಂದ ಆದವು. ಕಡಿಯಾಳಿಯ ಮಗ್ಗುಲಲ್ಲೇ ಇರುವ ಎಂ.ಜಿ.ಎಂ. ಎಂದರೆ ಮಹಾತ್ಮ ಗಾಂಧಿ ಮೆಮೋರಿಯಲ್. ರಸ್ತೆಯ ಮೇಲ್ತುದಿಯ ಕೆ.ಎಂ.ಸಿ.ಯಲ್ಲಿ ಕೆ. ಎಂದರೆ ಕಸ್ತೂರಬಾ. ಹೀಗೆ ಗಂಡ ಹೆಂಡತಿ ಇಬ್ಬರ ಹೆಸರೂ ಒಂದೇ ರಸ್ತೆಯಲ್ಲಿವೆ. ಆದರೆ ದಿನವಿಡೀ ಆ ನಿಲ್ದಾಣಗಳನ್ನು ಕೂಗುವ ನಿರ್ವಾಹಕರ ಬಾಯಲ್ಲೂ ಅಲ್ಲಿ ಇಳಿಯುವ ಸಾವಿರಾರು ಜನರ ಬಾಯಲ್ಲೂ ಗಾಂಧಿಯೂ ಇಲ್ಲ, ಕಸ್ತೂರಬಾ ಅವರೂ ಇಲ್ಲ. ಊರಿನ ಹೆಸರು ಸಂಕ್ಷೇಪವಾದರೆ ಊರಿಗೆ ಹೆಚ್ಚೇನೂ ನಷ್ಟವಾಗುವುದಿಲ್ಲ. ನೆನಪು ಉಳಿಯಲಿ ಎಂದೇ ಇಟ್ಟ ಒಬ್ಬರ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ, ಯಾವ ಕಾರಣಕ್ಕೆ ಆ ಹೆಸರು ಇಟ್ಟರೋ ಆ ಕಾರಣವೇ ಹೊರಟುಹೋಗುತ್ತದೆ. ಈ ಲೇಖನದ ವಾದ ಇಷ್ಟೇ; ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಈ ಕರಾವಳಿಯಲ್ಲೂ ಕರ್ನಾಟಕದ ಉಳಿದ ಊರುಗಳಲ್ಲೂ ಸಿಗುತ್ತದೆ.

ಮೊದಲು ಎಂ.ಜಿ.ಎಂ. ಅಕ್ಷರಗಳನ್ನೇ ನೋಡೋಣ. 1934ರ ಫೆಬ್ರವರಿಯಲ್ಲಿ ಅಸ್ಪೃಶ್ಯತಾ ನಿವಾರಣೆಯ ಯಾತ್ರೆ ಕೈಗೊಂಡಿದ್ದ ಗಾಂಧೀಜಿ ಮಂಗಳೂರು, ಉಡುಪಿ, ಕುಂದಾಪುರಗಳಿಗೆ ಬಂದು ಹರಿಜನ ನಿಧಿಗೆ ಹಣ ಕೂಡಿಸಿದ್ದರು. 1948ರ ಜನವರಿ 30ರಂದು ಅವರ ಕೊಲೆಯಾಯಿತು. ಮರುವರ್ಷವೇ, 1949ರಲ್ಲಿ, ತೋನ್ಸೆ ಮಾಧವ ಅನಂತ ಪೈಗಳು ಕಟ್ಟಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಉಡುಪಿಯಲ್ಲಿ ಕಾಲೇಜು ತೆರೆದು ಅದಕ್ಕೆ ಮಹಾತ್ಮರ ಹೆಸರಿಟ್ಟಿತು. ಗಾಂಧಿಯನ್ನು ಕಣ್ಣಾರೆ ಕಂಡ ತಲೆಮಾರು ಆಗ ಊರಿನಲ್ಲಿ ಬದುಕಿತ್ತು. ಆ ಹೆಸರು ಅವರಿಗೆ ಅಲಂಕಾರವಾಗಿರಲಿಲ್ಲ, ಹಸಿ ದುಃಖವಾಗಿತ್ತು. ದೇಶದ ಬೇರೆ ಕಡೆಗಳಲ್ಲೂ ಇದೇ ನಡೆದಿತ್ತು. ಇಂದೋರಿನಲ್ಲಿ ಬ್ರಿಟನ್ನಿನ ಅರಸ ಎಡ್ವರ್ಡನ ಹೆಸರು ಹೊತ್ತಿದ್ದ ವೈದ್ಯಶಾಲೆಯ ಜಾಗದಲ್ಲಿ 1948ರಲ್ಲಿ ಮಹಾತ್ಮ ಗಾಂಧಿ ಮೆಮೋರಿಯಲ್ ವೈದ್ಯಕೀಯ ಕಾಲೇಜು ಬಂತು. ಜೆಮ್‌ಶೆಡ್‌ಪುರದಲ್ಲಿ ಅದೇ ಹೆಸರಿನ ಇನ್ನೊಂದು ಕಾಲೇಜಿದೆ, ವಾರಂಗಲ್ಲಿನಲ್ಲಿ ದೊಡ್ಡ ಆಸ್ಪತ್ರೆಯಿದೆ. ಈ ಎಲ್ಲ ಊರುಗಳಲ್ಲೂ ಜನ ಎಂ.ಜಿ.ಎಂ. ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದ ಎಂ.ಜಿ.ಎಂ. ಸಂಸ್ಥೆಗಳಲ್ಲಿ ಕೊನೆಯ ಎಂ. ಮೆಮೋರಿಯಲ್ ಅಲ್ಲ, ಮಿಷನ್. ಕೇರಳಕ್ಕೆ ಇಳಿದರೆ ಅಕ್ಷರಗಳು ಅವೇ ಇದ್ದು ವ್ಯಕ್ತಿಯೇ ಬದಲಾಗುತ್ತಾರೆ: ಅಲ್ಲಿನ ಹಲವು ಎಂ.ಜಿ.ಎಂ. ಶಾಲೆಗಳು ಸಿರಿಯನ್ ಕ್ರೈಸ್ತರ ಸಂತ ಮಾರ್ ಗ್ರೆಗೋರಿಯೋಸರ ಸ್ಮಾರಕಗಳು. ಜಗತ್ತಿನ ಮಿಕ್ಕ ಭಾಗಕ್ಕಂತೂ ಎಂ.ಜಿ.ಎಂ. ಎಂದರೆ ಗರ್ಜಿಸುವ ಸಿಂಹದ ಸಿನಿಮಾ ಕಂಪನಿ. 1924ರಲ್ಲಿ ಮೆಟ್ರೊ, ಗೋಲ್ಡ್‌ವಿನ್, ಲೂಯಿ ಬಿ. ಮೇಯರ್ ಎಂಬ ಮೂರು ಸಂಸ್ಥೆಗಳು ಒಂದಾಗಿ ಹುಟ್ಟಿದ ಹೆಸರು ಅದು. ಅದರ ನಡುವಿನ ಗೋಲ್ಡ್‌ವಿನ್ ಕೂಡ ಸಂಕ್ಷೇಪವೇ. ಸ್ಯಾಮ್ಯುಯೆಲ್ ಗೋಲ್ಡ್‌ಫಿಶ್ ಎಂಬವರು ಸೆಲ್ವಿನ್ ಸೋದರರ ಜೊತೆ 1916ರಲ್ಲಿ ಕಂಪನಿ ಕಟ್ಟಿದಾಗ ಎರಡು ಹೆಸರುಗಳ ಅರ್ಧರ್ಧ ಸೇರಿಸಿ ಮಾಡಿಕೊಂಡದ್ದು. ಮೂರು ಸಂಸ್ಥೆಗಳು ಒಂದಾಗುವ ಹೊತ್ತಿಗೆ ಆತ ತನ್ನ ಕಂಪನಿಯಿಂದ ಹೊರಬಿದ್ದಾಗಿತ್ತು. ಹಾಗಾಗಿ ಆ ಜಿ. ತನ್ನೊಡೆಯನಿಲ್ಲದೆಯೇ ನೂರು ವರ್ಷ ಬಾಳಿದೆ. ಅಲ್ಲಿ ಅದರಿಂದ ಯಾರಿಗೂ ನೋವಿಲ್ಲ, ಏಕೆಂದರೆ ಅದು ವ್ಯಾಪಾರದ ಗುರುತು. ಉಡುಪಿಯ ಜಿ.ಗೆ ಅದೇ ಗತಿ ಬಂದಿರುವುದು ಬೇರೆ ಮಾತು.

ಕೆ.ಎಂ.ಸಿ.ಯ ಕಥೆ ಇನ್ನೂ ಗಾಢವಾದದ್ದು. ಪುಣೆಯ ಆಗಾಖಾನ್ ಅರಮನೆಯಲ್ಲಿ ಗಾಂಧಿಯ ಜೊತೆ ಸೆರೆಯಲ್ಲಿದ್ದಾಗಲೇ 1944ರ ಫೆಬ್ರವರಿ 22ರಂದು ಕಸ್ತೂರಬಾ ತೀರಿಕೊಂಡರು. ಕಾಯಿಲೆಯಲ್ಲಿ ನರಳಿ ಸೆರೆಮನೆಯಲ್ಲೇ ಪ್ರಾಣ ಬಿಟ್ಟ ಹೆಣ್ಣುಮಗಳ ಹೆಸರನ್ನು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಎದ್ದ ವೈದ್ಯಕೀಯ ಕಾಲೇಜಿಗೆ ಇಟ್ಟರು. ಆ ಆಯ್ಕೆಯ ಔಚಿತ್ಯ ಯೋಚಿಸಿದಷ್ಟೂ ದೊಡ್ಡದಾಗಿ ಕಾಣುತ್ತದೆ. ಇಂದು ಕೆ.ಎಂ.ಸಿ. ಎಂದಾಗ ಆ ಔಚಿತ್ಯ ಒಬ್ಬ ರೋಗಿಗಾದರೂ, ಒಬ್ಬ ವಿದ್ಯಾರ್ಥಿಗಾದರೂ ತಟ್ಟುವುದು ಕಷ್ಟ. ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕೆ.ಎಂ.ಸಿ. ಎಂಬುದು ಕಾಲೇಜಿನ ಹೆಸರು. ಅದಕ್ಕೆ ಸೇರಿದ ಆಸ್ಪತ್ರೆಯ ಹೆಸರು ಕಸ್ತೂರಬಾ ಆಸ್ಪತ್ರೆ, ಬೋರ್ಡಿನ ಮೇಲೂ ಹಾಗೆಯೇ ಇದೆ. ಆದರೂ ಕಾಪುವಿನಿಂದಲೋ ಕಾರ್ಕಳದಿಂದಲೋ ರೋಗಿಯನ್ನು ಕರೆತಂದವರು ಕೆ.ಎಂ.ಸಿ.ಗೆ ಸೇರಿಸಿದ್ದೇವೆ ಎನ್ನುತ್ತಾರೆ. ಕಾಲೇಜಿನ ಸಂಕ್ಷೇಪ ಆಸ್ಪತ್ರೆಯ ಪೂರ್ಣ ಹೆಸರನ್ನೂ ನುಂಗಿದೆ. ಅಂದರೆ ಬೋರ್ಡಿನ ಮೇಲೆ ಹೆಸರು ಇದ್ದರೆ ಸಾಲದು, ಕರೆಯುವ ರೂಢಿಯಲ್ಲೂ ಅದು ಇರಬೇಕು. ಕೆ. ಎಂಬ ಅಕ್ಷರವಾದರೂ ಕಸ್ತೂರಬಾ ಅವರಿಗೆ ಮೀಸಲಾಗಿದೆಯೇ ಎಂದರೆ ಅದೂ ಇಲ್ಲ. ಹುಬ್ಬಳ್ಳಿಯವರಿಗೆ ಕೆ.ಎಂ.ಸಿ. ಎಂದರೆ 1957ರಲ್ಲಿ ಶುರುವಾದ ಕರ್ನಾಟಕ ವೈದ್ಯಕೀಯ ಕಾಲೇಜು. ಅದು ನಡುವೆ ಕಿಮ್ಸ್ ಆಗಿ, ಈಚೆಗೆ ಮತ್ತೆ ಅದೇ ಅಕ್ಷರಗಳಿಗೆ ಮರಳಿ ಕೆ.ಎಂ.ಸಿ.ಆರ್.ಐ. ಆಗಿದೆ. ಚೆನ್ನೈಯಲ್ಲಿ ಕೆ. ಎಂದರೆ ಕೀಳ್ಪಾಕ್ಕಂ, ಆಂಧ್ರದಲ್ಲಿ ಕರ್ನೂಲು, ವಾರಂಗಲ್ಲಿನಲ್ಲಿ ಕಾಕತೀಯ, ನೇಪಾಳದಲ್ಲಿ ಕಠ್ಮಂಡು, ಪೇಶಾವರದಲ್ಲಿ ಖೈಬರ್. ಇವೆಲ್ಲವೂ ವೈದ್ಯಕೀಯ ಕಾಲೇಜುಗಳೇ, ಎಲ್ಲವೂ ಕೆ.ಎಂ.ಸಿ.ಗಳೇ. ಇವುಗಳಲ್ಲಿ ಹೆಚ್ಚಿನವು ಊರು, ನಾಡು, ರಾಜವಂಶಗಳ ಹೆಸರುಗಳು. ಒಬ್ಬ ಹೆಂಗಸಿನ ಹೆಸರು ಇರುವುದು ಮಣಿಪಾಲದ ಕೆ.ಯಲ್ಲಿ ಮಾತ್ರ, ಕಳೆದುಹೋದರೆ ನಿಜವಾಗಿ ನಷ್ಟವಾಗುವುದೂ ಅದೇ.

ಊರಿನ ಹೆಸರಿನ ಸಂಕ್ಷೇಪ ಹೇಗೆ ಬದುಕುತ್ತದೆ ಎಂಬುದಕ್ಕೆ ಎಂ.ಐ.ಟಿ. ಒಳ್ಳೆಯ ನಿದರ್ಶನ. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ 1861ರಲ್ಲಿ ಸನದು ಸಿಕ್ಕಿತು. ಬಾಸ್ಟನ್ನಿನಲ್ಲಿದ್ದಷ್ಟು ಕಾಲ ಜನ ಅದನ್ನು ಬಾಸ್ಟನ್ ಟೆಕ್ ಎನ್ನುತ್ತಿದ್ದರು, 1916ರಲ್ಲಿ ನದಿ ದಾಟಿ ಕೇಂಬ್ರಿಜ್‌ಗೆ ಹೋಯಿತು. ನಮ್ಮಲ್ಲಿ ಮದ್ರಾಸಿನ ಎಂ.ಐ.ಟಿ. 1949ರದು, ಅಬ್ದುಲ್ ಕಲಾಂ ಓದಿದ್ದು ಅಲ್ಲಿ. ಬಿಹಾರದ ಮುಜಫ್ಫರಪುರದಲ್ಲೊಂದು, ಪುಣೆಯಲ್ಲಿ ಮಹಾರಾಷ್ಟ್ರದ ಹೆಸರಿನದೊಂದು ಇದೆ. ಮಣಿಪಾಲದ್ದು 1957ರಲ್ಲಿ ಮಣಿಪಾಲ ಇಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ, 1974ರಿಂದ ಎಂ.ಐ.ಟಿ. ಆಯಿತು, ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲ ಅಲ್ಲಿನ ವಿದ್ಯಾರ್ಥಿ. ನಮ್ಮದೇ ಜಿಲ್ಲೆಯ ಮೂಡ್ಲಕಟ್ಟೆಗೂ ಪಕ್ಕದ ಮೂಡುಬಿದಿರೆಗೂ ಇದೇ ಅಕ್ಷರಗಳು ಸ್ವಲ್ಪ ಬದಲಾಗಿ ತಲುಪಿವೆ. ಇಷ್ಟೊಂದು ಎಂ.ಐ.ಟಿ.ಗಳಿದ್ದರೂ ಯಾರ ಹೆಸರೂ ಅಳಿದಿಲ್ಲ. ಮಣಿಪಾಲ ಎಂ.ಐ.ಟಿ., ಮದ್ರಾಸ್ ಎಂ.ಐ.ಟಿ. ಎಂದು ಜನ ಊರನ್ನು ಮತ್ತೆ ಮುಂದಿಟ್ಟೇ ಹೇಳುತ್ತಾರೆ. ಅಕ್ಷರ ನುಂಗಿದ್ದನ್ನು ಮಾತು ಅಲ್ಲೇ ಮರಳಿ ಕೊಡುತ್ತದೆ. ಕಾಪು ತಾಲೂಕಿನ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರವನ್ನು ಜನ ಯು.ಪಿ.ಸಿ.ಎಲ್. ಎಂದು ಕರೆಯುತ್ತ ಬಂದರು. ಅವೇ ಅಕ್ಷರಗಳು ಉತ್ತರಾಖಂಡದ ವಿದ್ಯುತ್ ನಿಗಮಕ್ಕೂ ಇವೆ. ಆದರೆ ಉಡುಪಿ ಎಂಬ ಹೆಸರು ಅದರಿಂದ ಸವೆಯಲಿಲ್ಲ, ಊರು ಕಣ್ಣೆದುರಿಗೇ ಇದೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಕಾಗದದ ವಿಳಾಸದ ಕೊನೆಗೆ ಎಸ್.ಕೆ. ಎಂದು ಬರೆದರೆ ಸೌತ್ ಕೆನರಾ. ಜಿಲ್ಲೆ ದಕ್ಷಿಣ ಕನ್ನಡವಾದ ಮೇಲೆ ಅದು ಡಿ.ಕೆ. ಆಯಿತು. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಎಸ್.ಕೆ. ಶ್ರೀ ಕ್ಷೇತ್ರ ಎಂಬ ಹೊಸ ಅರ್ಥ ಪಡೆಯಿತು. ಒಂದು ಅರ್ಥ ಹೋಗಿ ಇನ್ನೊಂದು ಬಂದರೂ ಅಲ್ಲಿ ಯಾವುದೂ ಅನಾಥವಾಗಲಿಲ್ಲ. ವ್ಯಕ್ತಿಯ ಹೆಸರಿಗೆ ಈ ಆಸರೆ ಇಲ್ಲ. ಎಂ.ಜಿ.ಎಂ. ಕಾಲೇಜು ಎಂದವರು ಬೇಕಾದರೆ ಉಡುಪಿ ಎಂದು ಸೇರಿಸಿಯಾರು, ಗಾಂಧಿ ಎಂದು ಸೇರಿಸುವ ಸಂದರ್ಭವೇ ಬರುವುದಿಲ್ಲ.

ಸಂಕ್ಷೇಪ ಇಂಗ್ಲಿಷರು ತಂದ ಹೊಸ ಚಾಳಿ, ಅದಕ್ಕೇ ಈ ಎಡವಟ್ಟು ಎನ್ನುವವರಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಪಾಣಿನಿಯ ವ್ಯಾಕರಣ ನಿಂತಿರುವುದೇ ಅಚ್, ಹಲ್ ಮೊದಲಾದ ಪ್ರತ್ಯಾಹಾರಗಳ ಮೇಲೆ. ನಮ್ಮ ಪಂಚಾಂಗದಲ್ಲಿ ತಿಥಿ, ನಕ್ಷತ್ರ, ಘಳಿಗೆಗಳೆಲ್ಲ ಒಂದೊಂದು ಅಕ್ಷರಕ್ಕೆ ಇಳಿದಿರುತ್ತವೆ. ಮದುವೆಯ ಕರೆಯೋಲೆಯಲ್ಲಿ ಚಿ., ಸೌ. ಇರುತ್ತದೆ, ಹಳೆಯ ಕಾಗದಗಳಲ್ಲಿ ರಾ.ರಾ. ಇರುತ್ತಿತ್ತು; ಅಂಗಡಿಯ ಲೆಕ್ಕದಲ್ಲಿ ರೂ. ಇದೆ, ತಾ. ಇದೆ. ಆದರೆ ಇವುಗಳಿಗೂ ಎಂ.ಜಿ.ಎಂ.ಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಚಿ. ಎಂದು ಬರೆದಿದ್ದನ್ನು ಓದುವವರು ಚಿರಂಜೀವಿ ಎಂದೇ ಓದುತ್ತಾರೆ. ರೂ. ಎಂದಿದ್ದರೆ ಬಾಯಿ ರೂಪಾಯಿ ಎನ್ನುತ್ತದೆ, ಕಿ.ಮೀ. ಎಂದಿದ್ದರೆ ಕಿಲೋಮೀಟರ್ ಎನ್ನುತ್ತದೆ. ಅಲ್ಲಿ ಉಳಿತಾಯವಾದದ್ದು ಕೈಗೆ, ಕಾಗದಕ್ಕೆ. ನಾಲಿಗೆ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಕರಾವಳಿಯ ಇಗರ್ಜಿಗಳ ಶಿಲುಬೆಯ ಮೇಲೆ ಐ.ಎನ್.ಆರ್.ಐ. ಎಂಬ ನಾಲ್ಕು ಲ್ಯಾಟಿನ್ ಅಕ್ಷರಗಳಿರುತ್ತವೆ. ನಜರೇತಿನ ಯೇಸು, ಯೆಹೂದ್ಯರ ಅರಸ ಎಂಬುದು ಅದರ ಅರ್ಥ. ಎರಡು ಸಾವಿರ ವರ್ಷವಾದರೂ ಯಾವ ಭಕ್ತರೂ ಆ ನಾಲ್ಕು ಅಕ್ಷರ ಹೇಳಿ ದೇವರನ್ನು ಕರೆದಿಲ್ಲ. ಬರೆಹದ ಸಂಕ್ಷೇಪವೇ ಮಾತಿನ ಹೆಸರೂ ಆಗುವುದು ಇಪ್ಪತ್ತನೆಯ ಶತಮಾನದಲ್ಲಿ ಹಬ್ಬಿದ ಬಗೆ. ಕಚೇರಿ, ಸೇನೆ, ರೈಲು, ಪದವಿಗಳ ದಾರಿಯಿಂದ ಅದು ನಮ್ಮಲ್ಲಿಗೂ ಬಂತು. ಡಿ.ಸಿ., ಪಿ.ಡಬ್ಲ್ಯು.ಡಿ., ಬಿ.ಎ., ಬಿ.ಎಲ್. ಹೀಗೆ ಬಂದವು. ಅವುಗಳಿಂದ ಯಾವ ತೊಂದರೆಯೂ ಆಗಲಿಲ್ಲ. ಹುದ್ದೆಗೂ ಇಲಾಖೆಗೂ ನೆನೆಯಬೇಕಾದ ಮುಖವಿಲ್ಲ. ತೊಂದರೆ ಶುರುವಾದದ್ದು ಅದೇ ಬಗೆಯನ್ನು ಸ್ಮಾರಕಗಳಿಗೂ ಹಚ್ಚಿದಾಗ.

ಕನ್ನಡದಲ್ಲಿ ವ್ಯಕ್ತಿಗಳ ಹೆಸರನ್ನೇ ಸಂಕ್ಷೇಪಿಸಿ ಕರೆಯುತ್ತೇವಲ್ಲ, ಕುವೆಂಪು, ಪುತಿನ, ತರಾಸು, ಅನಕೃ ಎಂದು? ಅಲ್ಲಿ ನೆನಪು ಅಳಿದಿದೆಯೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ಆ ಲೇಖಕರು ತಮ್ಮ ಸಂಕ್ಷೇಪವನ್ನೇ ಹೆಸರಾಗಿ ಬಾಳಿದವರು. ಪುಸ್ತಕದ ಮುಖಪುಟದಲ್ಲಿ ಅದನ್ನೇ ಅಚ್ಚು ಹಾಕಿಸಿದರು, ಓದುಗರು ಅವರನ್ನು ಗುರುತಿಸಿದ್ದೂ ಅದರಿಂದಲೇ. ಎರಡನೆಯದು ಲಿಪಿಗೆ ಸಂಬಂಧಿಸಿದ್ದು. ಕನ್ನಡದ ಒಂದು ಅಕ್ಷರದಲ್ಲಿ ವ್ಯಂಜನದ ಜೊತೆ ಸ್ವರವೂ, ಕೆಲವೊಮ್ಮೆ ಅನುಸ್ವಾರವೂ ಕೂಡಿರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರು ಕುವೆಂಪು ಆದಾಗ ಮೂರು ಹೆಸರುಗಳ ಮೊದಲ ದನಿ ಹಾಗೆಯೇ ಉಳಿಯುತ್ತದೆ. ಅದೇ ಇಂಗ್ಲಿಷಿನಲ್ಲಿ ಕೆ.ವಿ. ಆಗಿ ಸಾವಿರಾರು ಕೆ.ವಿ.ಗಳಲ್ಲಿ ಕರಗುತ್ತದೆ. ಕಸಾಪ, ಜಿ.ಪಂ., ಗ್ರಾ.ಪಂ. ಎಂಬವೂ ಹಾಗೆಯೇ, ಕೇಳಿದ ಕಿವಿ ಪೂರ್ಣರೂಪವನ್ನು ಊಹಿಸಿಕೊಳ್ಳುತ್ತದೆ. ಕೆ. ಎಂಬ ಒಂದೇ ಇಂಗ್ಲಿಷ್ ಅಕ್ಷರದಡಿ ನಿಂತ ಕಸ್ತೂರಬಾ, ಕಾಕತೀಯ, ಕೀಳ್ಪಾಕ್ಕಂ, ಖೈಬರ್, ಕೆಂಪೇಗೌಡ ಎಲ್ಲ ಕನ್ನಡದಲ್ಲಿ ಬೇರೆ ಬೇರೆ ಅಕ್ಷರಗಳಾಗಿ ಒಡೆಯುತ್ತವೆ. ಇದನ್ನು ಅತಿಯಾಗಿ ಹಿಗ್ಗಿಸಬಾರದು ಎನ್ನುವುದೂ ನಿಜ. ಮಹಾತ್ಮ, ಮಣಿಪಾಲ, ಮದ್ರಾಸ್, ಮಹಾರಾಷ್ಟ್ರ ನಾಲ್ಕೂ ಕನ್ನಡದಲ್ಲಿ ಮ ಎಂದೇ ಶುರುವಾಗುತ್ತವೆ. ಅಲ್ಲಿ ನಮ್ಮ ಲಿಪಿಯೂ ಕೈಕೊಡುತ್ತದೆ. ಆದ್ದರಿಂದ ಇಂಗ್ಲಿಷ್ ಸಂಕ್ಷೇಪದ ಬದಲು ಕನ್ನಡ ಸಂಕ್ಷೇಪ ಎಂಬುದು ಪರಿಹಾರವಲ್ಲ. ಮಗಾಸ್ಮಾ ಕಾಲೇಜು ಎಂದು ಯಾರೂ ಕರೆಯುವುದು ಬೇಡ.

ಹಾಗಾದರೆ ಕೆಲವು ಹೆಸರುಗಳು ಸಂಕ್ಷೇಪಕ್ಕೆ ಸಿಗದೆ ಉಳಿದದ್ದು ಹೇಗೆ? ನೋಡಬೇಕಾದದ್ದು ಇದನ್ನೇ. ಮಂಗಳೂರಿನ ಸರಕಾರಿ ಆಸ್ಪತ್ರೆಗೆ ಮದ್ರಾಸಿನ ಗವರ್ನರ್ ಒಬ್ಬರ ಹೆಸರು. ಆ ವೆನ್ಲಾಕ್ ಯಾರೆಂದು ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರಿಗೂ ಗೊತ್ತಿರಲಾರದು, ಆದರೂ ಹೆಸರು ಇಡಿಯಾಗಿ ಉಳಿದಿದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ, ಬೌರಿಂಗ್, ಮಿಂಟೋ ಆಸ್ಪತ್ರೆಗಳು ಪೂರ್ಣ ಹೆಸರಿನಲ್ಲೇ ಇವೆ. ಅದೇ ಊರನ್ನು ಕಟ್ಟಿದ ಕೆಂಪೇಗೌಡರ ಹೆಸರಿನ ವೈದ್ಯಕೀಯ ಸಂಸ್ಥೆ 1980ರಲ್ಲಿ ಹುಟ್ಟಿ ಕಿಮ್ಸ್ ಆಯಿತು. ಆಳಿದವರ ಹೆಸರು ಉಳಿದು ನಮ್ಮವರ ಹೆಸರು ಅಕ್ಷರವಾದದ್ದಕ್ಕೆ ಯಾರ ಸಂಚೂ ಕಾರಣವಲ್ಲ, ಹೆಸರಿನ ಮೈಕಟ್ಟೇ ಕಾರಣ. ಆ ಆಸ್ಪತ್ರೆಗಳಿಗೆ ಒಂದೇ ಪದದ ಹೆಸರಿತ್ತು, ಪಕ್ಕದಲ್ಲಿ ಆಸ್ಪತ್ರೆ ಎಂಬ ಪದ. ಸ್ವಾತಂತ್ರ್ಯದ ಆಸುಪಾಸಿನಿಂದ ನಮ್ಮ ಸಂಸ್ಥೆಗಳು ಮೂರು ನಾಲ್ಕು ಇಂಗ್ಲಿಷ್ ಪದಗಳ ಸರವನ್ನು ಹೆಸರಾಗಿ ಇಟ್ಟುಕೊಂಡವು: ವ್ಯಕ್ತಿಯ ಹೆಸರು, ಮೆಮೋರಿಯಲ್, ಇನ್‌ಸ್ಟಿಟ್ಯೂಟ್, ಆಫ್ ಇಂಥದ್ದು. ಆ ಸರ ಯಾರ ಬಾಯಲ್ಲೂ ನಿಲ್ಲುವುದಿಲ್ಲ, ಹುಟ್ಟಿದ ದಿನವೇ ಅಕ್ಷರವಾಗುತ್ತದೆ. ಇದಕ್ಕೆ ಸ್ಪಷ್ಟ ಪುರಾವೆ ಕಾರ್ಕಳದಲ್ಲಿದೆ. ಎಂ.ಜಿ.ಎಂ. ಸ್ಥಾಪಿಸಿದ ಅಕಾಡೆಮಿಯೇ 1960ರಲ್ಲಿ ಕಾರ್ಕಳದಲ್ಲಿ ತೆರೆದ ಕಾಲೇಜಿನ ಹೆಸರು ಶ್ರೀ ಭುವನೇಂದ್ರ ಕಾಲೇಜು. ಯತಿಯೊಬ್ಬರ ಹೆಸರದು. ಅರವತ್ತು ವರ್ಷ ದಾಟಿದರೂ ಕಾರ್ಕಳದವರು ಭುವನೇಂದ್ರ ಎಂದೇ ಹೇಳುತ್ತಾರೆ. ಅದೇ ವರ್ಷ ಉಡುಪಿಯಲ್ಲಿ ಅದಮಾರು ಮಠದವರು ಶುರುಮಾಡಿದ್ದು ಪೂರ್ಣಪ್ರಜ್ಞ ಕಾಲೇಜು. ಪೂರ್ಣಪ್ರಜ್ಞ ಎಂಬುದು ಮಧ್ವಾಚಾರ್ಯರಿಗೆ ಸನ್ಯಾಸದಲ್ಲಿ ಬಂದ ಹೆಸರು, ಅದೊಂದು ಇಡೀ ಪದ. ಇಂಗ್ಲಿಷಿನಲ್ಲಿ ಅದನ್ನು ಎರಡಾಗಿ ಒಡೆದು ಬರೆದದ್ದರಿಂದ ಪಿ.ಪಿ.ಸಿ. ಆಯಿತು. ಮಧ್ವರ ಊರಿನಲ್ಲೇ ಮಧ್ವರ ಹೆಸರು ಎರಡು ಪಿ.ಗಳ ಹಿಂದೆ ಸರಿಯಿತು. ಎಂ.ಜಿ.ಎಂ.ನ ಆವರಣದೊಳಗೇ ಇನ್ನೊಂದು ಸಾಕ್ಷಿಯಿದೆ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಭಂಡಾರವನ್ನು ಕಾಯುವ, 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದ ಸಂಸ್ಥೆಯ ಹೆಸರು ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ. ಹೆಸರು ಕನ್ನಡದಲ್ಲಿ ಹುಟ್ಟಿತು, ಕನ್ನಡದಲ್ಲೇ ಬೆಳೆಯಿತು. ಜನ ಗೋವಿಂದ ಪೈ ಕೇಂದ್ರ ಎನ್ನುತ್ತಾರೆ. ಒಂದೇ ಆವರಣದಲ್ಲಿ ಕವಿಯ ಹೆಸರು ಪೂರ್ತಿ ಕೇಳುತ್ತದೆ, ಮಹಾತ್ಮರ ಹೆಸರು ಕೇಳುವುದಿಲ್ಲ.

ಬೆಂಗಳೂರಿನ ರಸ್ತೆಗಳು ಇದೇ ಸಂಗತಿಯನ್ನು ಇನ್ನಷ್ಟು ನಿಚ್ಚಳವಾಗಿ ತೋರಿಸುತ್ತವೆ. ಸೌತ್ ಪೆರೇಡ್ ಎಂಬ ದಂಡಿನ ರಸ್ತೆ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು, ಇಂದು ಅದು ಎಂ.ಜಿ. ರೋಡ್. ಅದಕ್ಕೆ ತಾಗಿಕೊಂಡೇ ಇರುವ ಹಳೆಯ ಸಿಡ್ನಿ ರಸ್ತೆ ಕಸ್ತೂರಬಾ ರಸ್ತೆಯಾಯಿತು. ಅದನ್ನು ಯಾರೂ ಕೆ. ರೋಡ್ ಎನ್ನುವುದಿಲ್ಲ. ಬಸವನಗುಡಿಯ ಕಡೆ ಗಾಂಧಿ ಬಜಾರ್ ಇದೆ, ಮೆಜೆಸ್ಟಿಕ್ಕಿನ ಪಕ್ಕ ಗಾಂಧಿನಗರ ಇದೆ. ಅಲ್ಲೆಲ್ಲ ಗಾಂಧಿಯ ಹೆಸರು ದಿನಕ್ಕೆ ಲಕ್ಷ ಸಲ ಬಾಯಿಗೆ ಬರುತ್ತದೆ. ಒಂದೇ ಊರು, ಒಬ್ಬನೇ ವ್ಯಕ್ತಿ. ಬಿರುದು ಸೇರಿಸಿ ಹೆಸರನ್ನು ಉದ್ದ ಮಾಡಿದ ಕಡೆ ಹೆಸರು ಹೋಯಿತು, ಗಾಂಧಿ ಎಂದಷ್ಟೇ ಇಟ್ಟ ಕಡೆ ಉಳಿಯಿತು. ಹಳೆ ಮೈಸೂರಿನಲ್ಲಿ ಕೃಷ್ಣರಾಜರ ಗತಿಯೂ ಇದೇ. ಕೆ.ಆರ್. ಮಾರುಕಟ್ಟೆ, ಕೆ.ಆರ್. ಪೇಟೆ, ಕೆ.ಆರ್. ನಗರ, ಕೆ.ಆರ್.ಎಸ್. ಎಂದು ಅಷ್ಟು ಕಡೆ ಹೆಸರಿದ್ದೂ ಅರಸರ ಹೆಸರು ಕಿವಿಗೆ ಬೀಳುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಗೆ 2009ರಲ್ಲಿ ಮಹಾತ್ಮ ಗಾಂಧಿಯ ಹೆಸರು ಸೇರಿಸಲಾಯಿತು. ಜನರ ಬಾಯಲ್ಲಿ ಅದು ನರೇಗಾ ಆಗಿಯೇ ಉಳಿಯಿತು. ಸೇರಿಸಿದ ಎರಡು ಅಕ್ಷರಗಳನ್ನೂ ನಾಲಿಗೆ ಒಪ್ಪಿಕೊಳ್ಳಲಿಲ್ಲ.

ಇನ್ನು ಆಕ್ಷೇಪಗಳು. ಎಲ್ಲರೂ ಮೊದಲು ಹೇಳುವುದು ಸಮಯದ ಉಳಿತಾಯ: ಅಷ್ಟುದ್ದದ ಹೆಸರನ್ನು ಬಸ್ಸಿನಲ್ಲಿ ಕೂಗಲು ಆದೀತೇ? ಎಣಿಸಿಯೇ ನೋಡಬಹುದು. ಎಂ.ಜಿ.ಎಂ. ಎನ್ನಲು ಮೂರು ಉಚ್ಚಾರಗಳು ಬೇಕು, ಗಾಂಧಿ ಎನ್ನಲು ಎರಡು ಸಾಕು. ಕೆ.ಎಂ.ಸಿ. ಎನ್ನಲು ಮೂರು, ಕಸ್ತೂರ್ಬಾ ಎಂದು ಆಡುಮಾತಿನಲ್ಲಿ ಹೇಳಿದರೂ ಮೂರೇ. ಪಿ.ಪಿ.ಸಿ.ಗಿಂತ ಪೂರ್ಣಪ್ರಜ್ಞ ಒಂದು ಹೆಚ್ಚು. ಭುವನೇಂದ್ರ ಎನ್ನಲು ನಾಲ್ಕು ಬೇಕಾದರೂ ಕಾರ್ಕಳದ ನಿರ್ವಾಹಕರಿಗೆ ಅದು ಭಾರವಾಗಿಲ್ಲ. ಕಾರ್ಕಳ ತಾಲೂಕಿನದೇ ಇನ್ನೊಂದು ಉದಾಹರಣೆ ನಿಟ್ಟೆಯ ಇಂಜಿನಿಯರಿಂಗ್ ಕಾಲೇಜು. ನಿಟ್ಟೆ ಮಹಾಲಿಂಗ ಅಡ್ಯಂತಾಯರ ನೆನಪಿಗೆ 1986ರಲ್ಲಿ ಹುಟ್ಟಿದ ಸಂಸ್ಥೆ ಇಂಗ್ಲಿಷಿನಲ್ಲಿ ಎನ್.ಎಂ.ಎ.ಎಂ.ಐ.ಟಿ. ಎಂಬ ಆರು ಅಕ್ಷರವಾಯಿತು. ಅದು ಹೇಳಲಾಗದಷ್ಟು ಉದ್ದವಾದ್ದರಿಂದ ಜನ ಅದನ್ನೂ ಬಿಟ್ಟು ನಿಟ್ಟೆ ಎಂದರು. ಊರು ಉಳಿಯಿತು, ಅಡ್ಯಂತಾಯರು ಹೋದರು. ಹೀಗಾಗಿ ಸಂಕ್ಷೇಪದಿಂದ ಉಳಿದ ಸಮಯ ಏನೂ ಇಲ್ಲ. ಚಿಕ್ಕದಾಗಿ ಕರೆಯಲು ಕನ್ನಡದಲ್ಲೇ ದಾರಿಯಿತ್ತು, ಹೆಸರಿನಲ್ಲಿ ಮುಖ್ಯವಾದ ಒಂದು ಪದವನ್ನು ಎತ್ತಿಕೊಳ್ಳುವ ದಾರಿ. ನಾವು ಅದನ್ನು ಬಿಟ್ಟೆವು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಂ.ಜಿ.ಎಂ. ಎಂಬುದು ಇಂದು ಇಂಗ್ಲಿಷೇ ಅಲ್ಲ, ಕನ್ನಡದ್ದೂ ತುಳುವಿನದ್ದೂ ಆಗಿಹೋಗಿದೆ. ಮೂರು ತಲೆಮಾರಿನ ಪ್ರೀತಿ ಆ ಅಕ್ಷರಗಳಿಗೆ ಅಂಟಿದೆ. ಅದನ್ನು ಕೀಳುವುದು ಸರಿಯೇ ಎಂಬ ಪ್ರಶ್ನೆ. ಪ್ರೀತಿ ನಿಜವಾದದ್ದೇ. ಅಲ್ಲಿ ಓದಿದವರು ಎಂ.ಜಿ.ಎಂ. ಎಂದಾಗ ಕು.ಶಿ. ಹರಿದಾಸ ಭಟ್ಟರಂಥ ಗುರುಗಳನ್ನೂ ಯಕ್ಷಗಾನ, ಜಾನಪದಗಳಿಗೆ ಆ ಕಾಲೇಜು ಮಾಡಿದ ಕೆಲಸವನ್ನೂ ನೆನೆಯುತ್ತಾರೆ, ನೆನೆಯಲೇಬೇಕು. ಜನರ ಮಾತನ್ನು ಯಾರೂ ಆಜ್ಞೆ ಹೊರಡಿಸಿ ತಿದ್ದಲಾಗದು, ತಿದ್ದಬೇಕಾಗಿಯೂ ಇಲ್ಲ. ಆದರೆ ಅಕ್ಷರಗಳು ಕಾಲೇಜನ್ನು ನೆನಪಿಸುತ್ತವೆಯೇ ಹೊರತು ಕಾಲೇಜು ಯಾರ ನೆನಪೋ ಅವರನ್ನಲ್ಲ. ಈ ಎರಡು ನೆನಪುಗಳು ಜೊತೆಯಾಗಿ ಇರಬಾರದು ಎಂದೇನಿಲ್ಲ. ಭುವನೇಂದ್ರ ಎಂದಾಗ ಕಾರ್ಕಳದಲ್ಲಿ ಎರಡೂ ಇವೆ. ಇದೇ ಆಕ್ಷೇಪದ ಇನ್ನೊಂದು ಮುಖ ಕೀರ್ತಿಯದು. ಕೆ.ಎಂ.ಸಿ. ಎಂಬುದಕ್ಕೆ ದೇಶ ವಿದೇಶಗಳಲ್ಲಿ ಹೆಸರಿದೆ, ಅದನ್ನು ಬಿಟ್ಟುಕೊಡಲಾಗದು ಎನ್ನುತ್ತಾರೆ. ಆದರೆ ಹೊರಗೆ ಹೋದಲ್ಲೆಲ್ಲ ಅದಕ್ಕೆ ಮಣಿಪಾಲ ಎಂದು ಸೇರಿಸಲೇಬೇಕಾಗಿದೆ, ಇಲ್ಲವಾದರೆ ಅದು ಚೆನ್ನೈಯದೋ ಕರ್ನೂಲಿನದೋ ಎಂದು ತಿಳಿಯದು. ಕೀರ್ತಿಯನ್ನು ಹೊತ್ತಿರುವುದು ಊರಿನ ಹೆಸರು. ಹಾಗಿರುವಾಗ ಮಣಿಪಾಲದ ಕಸ್ತೂರಬಾ ಎಂದರೆ ಕೀರ್ತಿಗೆ ಕುಂದೇನೂ ಬಾರದು.

ಸಂಕ್ಷೇಪಗಳೆಲ್ಲ ಒಣ ಅಕ್ಷರಗಳಲ್ಲ, ಕೆಲವು ಅರ್ಥವುಳ್ಳ ಪದಗಳೇ ಆಗುತ್ತವೆ ಎಂಬ ಮಾತೂ ಇದೆ. ಅದಕ್ಕೆ ಚೆಂದದ ಉದಾಹರಣೆ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿ. ಅದರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದರೆ ಕ್ಷೇಮ ಎಂದಾಗುತ್ತದೆ, ಆಸ್ಪತ್ರೆಗೆ ಅದಕ್ಕಿಂತ ಒಳ್ಳೆಯ ಹೆಸರು ಯಾವುದು? ಆದರೆ ಆ ಪದ ಎಷ್ಟು ಚೆನ್ನಾಗಿ ಕೂತಿದೆಯೋ ಅಷ್ಟೇ ಚೆನ್ನಾಗಿ ಒಬ್ಬರನ್ನು ಮರೆಮಾಡುತ್ತದೆ. ಕಾರ್ಕಳ ಸೀಮೆಯಿಂದ ಹೋಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದು, ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆ ಅವರ ಹೆಸರು ಕ್ಷೇಮದಲ್ಲಿ ಕೇಳಿಸದು. ಮಣಿಪಾಲದ ವಿಶ್ವವಿದ್ಯಾಲಯದ ಸಂಕ್ಷೇಪ ಮಾಹೆ ಎಂದಾಗುತ್ತದೆ. ಕನ್ನಡದ ಕಚೇರಿ ಬರೆಹದಲ್ಲಿ ಮಾಹೆ ಎಂದರೆ ತಿಂಗಳು, ಕೇರಳದ ಕರಾವಳಿಯಲ್ಲಿ ಮಾಹೆ ಎಂದರೆ ಫ್ರೆಂಚರು ಆಳಿದ ಪಟ್ಟಣ. 1993ರಲ್ಲಿ ಆ ಹೆಸರಿನಿಂದ ಪರಿಗಣಿತ ವಿಶ್ವವಿದ್ಯಾಲಯವಾಗಿ, ನಡುವೆ ಕೆಲ ವರ್ಷ ಮಣಿಪಾಲ ವಿಶ್ವವಿದ್ಯಾಲಯವಾಗಿ, 2018ರಲ್ಲಿ ಮತ್ತೆ ಮಾಹೆ ಆಗಿದೆ. ಹೆಸರು ಎರಡು ಸಲ ಬದಲಾದರೂ ಊರಿನವರಿಗೆ ಗೊಂದಲವಾಗಲಿಲ್ಲ. ಅವರು ಅಷ್ಟೂ ಕಾಲ ಮಣಿಪಾಲ ಎಂದೇ ಹೇಳುತ್ತಿದ್ದರು.

ಗಾಂಧಿಗೆ ಸ್ಮಾರಕಗಳ ಹಂಬಲವಿರಲಿಲ್ಲ, ಕಸ್ತೂರಬಾ ಅವರಿಗಂತೂ ಇರಲೇ ಇಲ್ಲ, ಕಾಲೇಜು ಚೆನ್ನಾಗಿ ನಡೆದರೆ ಅದೇ ಸ್ಮಾರಕ ಎನ್ನುವವರಿಗೆ ಏನು ಹೇಳಬೇಕು? ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಹೆಸರಿಡುವುದು ಹೋದವರಿಗಾಗಿ ಅಲ್ಲ, ಬರುವವರಿಗಾಗಿ. 1949ರಲ್ಲಿ ಉಡುಪಿಯ ಮಕ್ಕಳು ದಿನವೂ ಹಾದುಹೋಗುವ ಬಾಗಿಲಿಗೆ ಆ ಹೆಸರು ಇಟ್ಟವರು ಒಂದು ಮಾತು ಕೊಟ್ಟರು. ಆ ಮಾತು ಕೊಟ್ಟದ್ದು ತಪ್ಪೆನಿಸಿದರೆ ಹೆಸರನ್ನೇ ತೆಗೆಯಬಹುದು, ಅದು ಪ್ರಾಮಾಣಿಕತೆ. ಹೆಸರನ್ನು ಇಟ್ಟುಕೊಂಡು ಅದು ಕೇಳಿಸದ ಹಾಗೆ ಮಾಡುವುದಕ್ಕೆ ಸಮರ್ಥನೆ ಇಲ್ಲ. ಹುಬ್ಬಳ್ಳಿಯ ಕೆ. ಹೋದರೂ ಕರ್ನಾಟಕ ಇರುತ್ತದೆ, ಮದ್ರಾಸಿನ ಎಂ. ಹೋದರೂ ಚೆನ್ನೈ ಇರುತ್ತದೆ. ಜನರ ಬಾಯಿಂದ ಹೋದ ವ್ಯಕ್ತಿಯ ಹೆಸರನ್ನು ಮತ್ತೆ ತರುವುದಕ್ಕೆ ಇನ್ನೊಂದು ತಲೆಮಾರಿನ ಕೆಲಸ ಬೇಕು.

ಆಗಬೇಕಾದ ಕೆಲಸ ದೊಡ್ಡದಲ್ಲ, ದುಬಾರಿಯೂ ಅಲ್ಲ. ಸಂಸ್ಥೆಗಳು ತಮ್ಮ ಹೆಬ್ಬಾಗಿಲ ಮೇಲೆ ಪೂರ್ಣ ಹೆಸರನ್ನು ಕನ್ನಡದಲ್ಲಿ, ಸಂಕ್ಷೇಪಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಲಿ. ಪತ್ರಿಕೆಗಳು ಸುದ್ದಿಯ ಮೊದಲ ಸಾಲಿನಲ್ಲಿ ಒಮ್ಮೆಯಾದರೂ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, ಕಸ್ತೂರಬಾ ಆಸ್ಪತ್ರೆ, ಪೂರ್ಣಪ್ರಜ್ಞ ಕಾಲೇಜು ಎಂದು ಬರೆದು ಆಮೇಲೆ ಬೇಕಾದರೆ ಅಕ್ಷರಗಳಿಗೆ ಇಳಿಯಲಿ. ಬಸ್ಸು ನಿಲ್ದಾಣದ ಫಲಕ ಬರೆಸುವ ನಗರಸಭೆ ಕಡಿಯಾಳಿಯ ಮುಂದಿನ ನಿಲ್ದಾಣಕ್ಕೆ ಗಾಂಧಿ ಕಾಲೇಜು ಎಂದು ಬರೆಸಲಿ. ಹೊಸ ಸಂಸ್ಥೆ ಕಟ್ಟುವವರು ಯಾರನ್ನಾದರೂ ನೆನೆಯಬೇಕೆಂದಿದ್ದರೆ ಬಾಯಲ್ಲಿ ನಿಲ್ಲುವ ಒಂದೇ ಪದವನ್ನು ಆರಿಸಿ, ಮೆಮೋರಿಯಲ್ ಎಂಬ ಪದವನ್ನು ಬಿಟ್ಟುಬಿಡಲಿ. ಈ ದಾರಿಯಲ್ಲಿ ದಿನವೂ ಓಡಾಡುವ ಓದುಗರಲ್ಲೂ ಒಂದು ಕೋರಿಕೆಯಿದೆ. ಮುಂದಿನ ಸಲ ಯಾರಾದರೂ ಆಸ್ಪತ್ರೆ ಯಾವುದು ಎಂದು ಕೇಳಿದರೆ ಕಸ್ತೂರ್ಬಾ ಎನ್ನಿ, ಕಾಲೇಜು ಯಾವುದು ಎಂದು ಕೇಳಿದರೆ ಗಾಂಧಿ ಕಾಲೇಜು ಎನ್ನಿ.